ಹೆಳವರ ಪುಸ್ತಕದಲ್ಲಿ ಅಕ್ಕನ ಹೆಸರು

ನಮ್ಮಕ್ಕ ಗೌರಮ್ಮ ಸತ್ತಿಲ್ಲ. ಸತ್ತಳೆಂದು ಬಾಯಿಬಿಟ್ಟು ಹೇಳಿ, ಪುಸ್ತಕದಲ್ಲಿ ಬರೆಸಿ, ಅವಳ ತಾಮ್ರದ ತಂಬಿಗೆಯನ್ನು ಸತ್ತವರ ಹೆಸರಿನಲ್ಲಿ ಎತ್ತಿ ಕೊಟ್ಟವನು ನಾನು — ಅವಳ ಒಡಹುಟ್ಟಿದ ತಮ್ಮ, ಶಂಕರಪ್ಪ. ಇದು ಇಪ್ಪತ್ತೆರಡು ವರ್ಷದ ಹಿಂದಿನ ಮಾತು. ಅಕ್ಕ ಇವತ್ತಿಗೂ ತುಮಕೂರಿನ ಕ್ಯಾತ್ಸಂದ್ರದಲ್ಲಿ ಒಂದು ಹಾಸ್ಟೆಲಿನ ಅಡಿಗೆಮನೆಯಲ್ಲಿ ಕೂತು ತರಕಾರಿ ಹೆಚ್ಚುತ್ತಾಳೆ.

ಪಂಚಾಯ್ತಿಯವರು ನನ್ನನ್ನು ಕೇಳಿದ್ದು ಇದನ್ನಲ್ಲ. ನಮ್ಮೂರಿನ ಹುಡುಗರು ಊರಿನ ಹೆಸರು ಶಿವಪುರ ಅಂತ ಬದಲಾಯಿಸಿ ಅಂತ ಅರ್ಜಿ ಕೊಟ್ಟಿದ್ದಾರೆ. ಹಳೇ ಹೆಸರು ಹೇಗೆ ಬಂತು, ಊರಿನ ಎಲ್ಲೆ ಯಾವುದು, ಹಿಂದಿನ ಕಾಲದ್ದು ಏನೇನು ಉಳಿದಿದೆ, ಇದನ್ನೆಲ್ಲ ಬಲ್ಲವರು ಎರಡು ಪುಟ ಬರೆದುಕೊಡಿ ಅಂತ ಪಂಚಾಯ್ತಿಯವರು ಕೇಳಿದರು. ಬಲ್ಲವನು ನೀನೇ ಅಂತ ಎಲ್ಲರೂ ನನ್ನ ಕಡೆ ಬೆರಳು ತೋರಿಸಿದರು. ನಾನು ಓದಿದ್ದು ಐದನೇ ಕ್ಲಾಸು. ಹಾಲಿನ ಡೇರಿಯಲ್ಲಿ ಲೀಟರು, ಡಿಗ್ರಿ ಬರೆದು ಅಕ್ಷರ ಮರೆಯದೆ ಉಳಿಸಿಕೊಂಡವನು. ಎರಡು ಪುಟ ತಾನೇ ಅಂತ ಕೂತೆ. ಆದರೆ ಊರಿನ ಚರಿತ್ರೆ ಬರೆಯಹೋದರೆ ಹೆಳವರ ಪುಸ್ತಕಕ್ಕೆ ಬರಬೇಕು, ಹೆಳವರ ಪುಸ್ತಕಕ್ಕೆ ಬಂದರೆ ಅದರ ಕೊನೆಯ ಪುಟದಲ್ಲಿ ನನ್ನ ಸುಳ್ಳು ಕೂತಿದೆ. ಅದನ್ನು ದಾಟಿ ಮುಂದಕ್ಕೆ ಹೋಗಲು ಪೆನ್ನು ಒಪ್ಪಲಿಲ್ಲ.

ಕೇಳಿದ್ದನ್ನು ಮೊದಲು ಹೇಳಿಬಿಡುತ್ತೇನೆ. ನಮ್ಮೂರು ಸೂಲಗಿತ್ತಿಪಾಳ್ಯ. ಹೆಬ್ಬೂರು ದಾಟಿ ಕುಣಿಗಲ್ ಕಡೆ ಹೋಗುವಾಗ ಕಂಡಕ್ಟರಿಗೆ ಹೇಳಿದರೆ ಬಸ್ಸು ನಿಲ್ಲುತ್ತದೆ, ಹೇಳದಿದ್ದರೆ ದಾಟಿದ್ದೇ ಗೊತ್ತಾಗುವುದಿಲ್ಲ. ಅಲ್ಲಿಂದ ಎರಡು ಮೈಲಿ ನಡಿಗೆ. ಮೂವತ್ತೊಂದು ಮನೆ. ಮೂಡಲಿಗೆ ಒಂದು ಸಣ್ಣ ನೀರಿನ ಕಟ್ಟೆ, ಪಡುವಲಿಗೆ ಹಳ್ಳ, ತೆಂಕಲಿಗೆ ರಾಗಿಹೊಲ, ಅದರಾಚೆ ಕೊತ್ತಗೆರೆಗೆ ಹೋಗುವ ಹಳೇ ಬಂಡಿದಾರಿ. ಬಡಗಲಿಗೆ ಎಮ್ಮೆ ಮಲಗಿದ ಹಾಗೆ ಒಂದು ಬೋಳು ಅರೆ. ಆ ಬಂಡೆಯ ನೆತ್ತಿಯಲ್ಲಿ ತೊಟ್ಟಿಲಿನಷ್ಟು ಒಂದು ಗುಳಿ ಇದೆ. ಅದರಲ್ಲಿ ನಿಂತ ಮಳೆನೀರು ಬೇಸಿಗೆಯಲ್ಲೂ ಪೂರಾ ಆರುವುದಿಲ್ಲ. ಊರಲ್ಲಿ ಹುಟ್ಟಿದ ಕೂಸಿಗೆ ಮೊದಲು ಎರೆಯುವ ನೀರಿಗೆ ಆ ಗುಳಿಯಿಂದ ಒಂದು ತಂಬಿಗೆ ತಂದು ಬೆರೆಸಬೇಕು. ಈಗ ಹೆರಿಗೆಗಳೆಲ್ಲ ಕುಣಿಗಲ್ ಆಸ್ಪತ್ರೆಯಲ್ಲೇ ಆಗುತ್ತವೆ. ಆದರೂ ಬಾಣಂತಿ ಮನೆಗೆ ಬಂದ ದಿನ ಯಾರಾದರೂ ತಂಬಿಗೆ ಹಿಡಿದು ಅರೆ ಹತ್ತುತ್ತಾರೆ. ನಾನು ಹುಟ್ಟಿದಾಗ ಹತ್ತಿದವಳು ಅಕ್ಕ. ಅವಳಿಗೆ ಆಗ ನಾಲ್ಕು ವರ್ಷ. ಅರ್ಧ ನೀರು ದಾರಿಯಲ್ಲೇ ಚೆಲ್ಲಿಕೊಂಡು ಬಂದಳಂತೆ. "ಅದ್ಕೇ ಇವ್ನು ಅರ್ಧಂಬರ್ಧ" ಅಂತ ದೊಡ್ಡವಳಾದ ಮೇಲೂ ಚುಚ್ಚುತ್ತಿದ್ದಳು. ಆ ತಂಬಿಗೆಯ ವಿಷಯ ಮುಂದೆ ಬರುತ್ತದೆ.

ಇನ್ನು ಹೆಸರು. ಯಾವ ಕಾಲವೋ ಗೊತ್ತಿಲ್ಲ. ಒಬ್ಬ ಪಾಳೇಗಾರ ಬಸುರಿ ಹೆಂಡತಿಯನ್ನು ಮೇನೆಯಲ್ಲಿ ಕೂರಿಸಿಕೊಂಡು ಈ ದಾರಿಯಲ್ಲಿ ಹೋಗುವಾಗ ಅರೆಯ ಬುಡದಲ್ಲಿ ಅವಳಿಗೆ ನೋವು ಬಂತು. ಗುಬ್ಬಿ ಕಡೆಯಿಂದ ನಡೆದು ಬರುತ್ತಿದ್ದ ನಿಂಗಜ್ಜಿ ಅನ್ನುವ ಸೂಲಗಿತ್ತಿ ಹೆರಿಗೆ ಮಾಡಿಸಿದಳು. ಗುಳಿಯ ನೀರಲ್ಲಿ ಕೂಸನ್ನು ತೊಳೆದಳು. ಪಾಳೇಗಾರ, ಕೂಸು ತಾಯಿಯ ಮೊದಲ ಹಾಲು ಕುಡಿದು ಬಾಯಿ ಬಿಡುವಷ್ಟರಲ್ಲಿ ನೀನು ಎಷ್ಟು ನೆಲ ಸುತ್ತಿ ಬರುತ್ತೀಯೋ ಅಷ್ಟೂ ನಿನ್ನದು ಅಂದನಂತೆ. ಅಜ್ಜಿ ನಡೆದಳು. ಕೂಸು ಬೇಗ ಕುಡಿದುಬಿಟ್ಟಿತು. ಅದಕ್ಕೇ ನಮ್ಮೂರು ಇಷ್ಟು ಸಣ್ಣದು. ನಾವು ಅವಳ ವಂಶದವರು.

ಇದನ್ನು ನಾನು ಕೇಳಿದ್ದು ಹೆಳವರ ಬಾಯಲ್ಲಿ. ಹೆಳವರು ಅಂದರೆ ಮನೆಮನೆಯ ವಂಶ ಬರೆದಿಟ್ಟುಕೊಂಡು ಓದಿ ಹೇಳುವವರು. ನಮ್ಮ ಮನೆಯ ಹೆಳವ ಸಿದ್ದಪ್ಪ. ಐದಾರು ವರ್ಷಕ್ಕೊಂದು ಸಲ, ಸುಗ್ಗಿ ಮುಗಿದ ಮೇಲೆ, ಗಂಟೆ ಕಟ್ಟಿದ ಎತ್ತಿನ ಜೊತೆ ಬರುತ್ತಿದ್ದ. ಜಗಲಿ ಮೇಲೆ ಕೂತು ಕೆಂಪು ಬಟ್ಟೆ ಬಿಚ್ಚಿ ಪುಸ್ತಕ ತೆಗೆದು, ನಿಂಗಜ್ಜಿಯಿಂದ ಶುರುಮಾಡಿ ರಾಗವಾಗಿ ಓದುತ್ತಾ ಬಂದು, ಕೊನೆಗೆ ಮನೆಯ ಯಜಮಾನನನ್ನು ಕೇಳುತ್ತಿದ್ದ: "ಈ ಮನೆಗೆ ಸೇರಿದೋರ್ಯಾರು, ಕಳಚಿದೋರ್ಯಾರು?" ಹುಟ್ಟಿದವರು, ಬಂದ ಸೊಸೆಯರು, ಸತ್ತವರು, ಎಲ್ಲರನ್ನೂ ಹೇಳಬೇಕು. ಸತ್ತವರ ಹೆಸರಿಗೆ ಒಂದು ಸಲ ಗಂಟೆ ಬಾರಿಸಿ, ಅವರ ಹೆಸರಲ್ಲಿ ಒಂದು ಪಾತ್ರೆ ಇಸಿದುಕೊಳ್ಳುತ್ತಿದ್ದ. ಬೇರೆ ಊರುಗಳಲ್ಲಿ ಹೆಳವರು ಗಂಡಸರ ಹೆಸರಷ್ಟೇ ಓದುತ್ತಾರಂತೆ. ನಮ್ಮ ಮೂಲ ಒಂದು ಹೆಂಗಸು, ಅದಕ್ಕೆ ನಮ್ಮಲ್ಲಿ ಹೆಣ್ಣುಮಕ್ಕಳ ಹೆಸರನ್ನೂ, ಅವರನ್ನು ಕೊಟ್ಟ ಊರನ್ನೂ ಓದಬೇಕು. ಇದು ನಮ್ಮೂರಿನ ಹೆಚ್ಚುಗಾರಿಕೆ.

ಅಕ್ಕನಿಗೆ ಆ ಓದು ಅಂದರೆ ಪ್ರಾಣ. ಸಿದ್ದಪ್ಪನ ಮಂಡಿಗೆ ಮಂಡಿ ತಾಗಿಸಿ ಕೂರುತ್ತಿದ್ದಳು. ತನ್ನ ಹೆಸರು ಬಂದ ಕೂಡಲೇ ನನ್ನ ತೊಡೆ ಚಿವುಟುತ್ತಿದ್ದಳು. ಸಿದ್ದಪ್ಪ ಹೋದ ಮೇಲೆ ಅಷ್ಟೂ ವಂಶವನ್ನು ಅದೇ ರಾಗದಲ್ಲಿ ಹೇಳಿ, ಕೊನೆಗೆ, "ಅಜ್ಜಿ ನಡೆದ್ಲು. ನಾನಾಗಿದ್ರೆ ಓಡ್ತಿದ್ದೆ ಕಣೋ ಶಂಕ್ರ. ಹೆಬ್ಬೂರ್ಗಂಟ ನಮ್ದೇ ಆಗ್ತಿತ್ತು" ಅನ್ನುತ್ತಿದ್ದಳು.

ಅವಳು ಓಡಿದಳು. ಆದರೆ ಬೇರೆ ಕಾರಣಕ್ಕೆ.

ಗುಬ್ಬಿ ತಾಲ್ಲೂಕಿಗೆ ಅವಳನ್ನು ಕೊಟ್ಟಿದ್ದೆವು. ಏಳು ವರ್ಷ ಬಾಳಿದಳು. ಗಂಡ ಕೈ ಎತ್ತುತ್ತಿದ್ದ. ಅವಳ ಬೆನ್ನಿನ ಮೇಲಿನ ಬಾಸುಂಡೆ ನಾನೇ ನೋಡಿದ್ದೆ — ನೋಡಿ ಸುಮ್ಮನೆ ಬಂದಿದ್ದೆ, ಅದು ಇನ್ನೊಂದು ತಪ್ಪು. ಒಂದು ಸಂತೆ ದಿನ ಅವಳು ಸಂತೆಗೆ ಹೋದವಳು ಹಾಗೇ ತುಮಕೂರು ಬಸ್ಸು ಹತ್ತಿದಳು. ಅಲ್ಲಿ ಕೆಲಸ ಹಿಡಿದಳು. ಎರಡು ವರ್ಷದ ಮೇಲೆ ಲಾರಿ ಬಾಡಿ ಕಟ್ಟುವ ಒಬ್ಬ ಬಡಗಿಯ ಜೊತೆ ಸಂಸಾರ ಹೂಡಿದಳು. ನಮ್ಮ ಜಾತಿಯವನಲ್ಲ. ಒಳ್ಳೆಯ ಮನುಷ್ಯ. ಅಪ್ಪ ಬಾಗಿಲಲ್ಲಿ ನಿಂತು, "ಇನ್ನು ಆ ಹೆಸ್ರು ಈ ಮನೇಲಿ ಯಾರೂ ಎತ್ತಂಗಿಲ್ಲ" ಅಂದ. ನಾವು ಎತ್ತಲಿಲ್ಲ. ನಾನು ಮಾತ್ರ ತುಮಕೂರಿಗೆ ಹೋದಾಗ ಕದ್ದು ಅವಳನ್ನು ನೋಡಿ ಬರುತ್ತಿದ್ದೆ. ನನ್ನ ಮಗಳು ಸುಮ ದೊಡ್ಡವಳಾದಾಗ ಬೆಳ್ಳಿ ಕಾಲುಗೆಜ್ಜೆ ಕೊಟ್ಟು ಕಳಿಸಿದಳು. ಸಂತೆಯಲ್ಲಿ ಕೊಂಡೆ ಅಂತ ಮನೆಯಲ್ಲಿ ಹೇಳಿದೆ.

ಸಿದ್ದಪ್ಪ ಆಮೇಲೂ ಎರಡು ಸಲ ಬಂದ. ಅವನು "ಗೌರಮ್ಮ, ಗುಬ್ಬಿ ಸೀಮೆಗೆ ಕೊಟ್ಟ ಮಗಳು" ಅಂತ ಹಳೇ ಸಾಲನ್ನೇ ಓದಿದ. ಅಪ್ಪ ತಲೆ ಬಗ್ಗಿಸಿ ಸುಮ್ಮನಿದ್ದ. ಅಪ್ಪ ಸುಳ್ಳು ಹೇಳಲಿಲ್ಲ. ಅಷ್ಟು ಕೋಪದಲ್ಲೂ ಅವನು ಮಗಳನ್ನು ಪುಸ್ತಕದಿಂದ ಕಳಚಲಿಲ್ಲ. ಇದು ನನಗೆ ಈಗ ಅರ್ಥವಾಗುತ್ತಿದೆ.

ಮೂರನೇ ಸಲ ಸಿದ್ದಪ್ಪ ಬಂದಾಗ ಅಪ್ಪ ಹಾಸಿಗೆ ಹಿಡಿದಿದ್ದ, ಒಳಕೋಣೆಯಲ್ಲಿ. ಕಣ್ಣು ಮಂಜಾಗಿತ್ತು, ಕಿವಿ ಮಾತ್ರ ಚುರುಕು. ಯಜಮಾನಿಕೆ ನನ್ನದಾಗಿತ್ತು. ಅವತ್ತೇ, ಅದೇ ಹೊತ್ತಿಗೆ, ಸುಮಳನ್ನು ನೋಡಲು ಗಂಡಿನ ಕಡೆಯವರು ಬಂದು ಜಗಲಿಯಲ್ಲಿ ಕೂತಿದ್ದರು. ಹುಡುಗನ ಸೋದರಮಾವ ಮಾತಿನ ಮನುಷ್ಯ. ಎತ್ತಿನ ಗಂಟೆ ಕೇಳಿ, "ಓಹೋ, ಹೆಳವರು! ಒಳ್ಳೇದೇ ಆಯ್ತು ಬುಡಿ. ಬೀಗ್ರ ವಂಶ ಪುಗಸಟ್ಟೆ ಗೊತ್ತಾಯ್ತದೆ. ಓದಪ್ಪ, ಓದು, ಒಂದಕ್ಷರನೂ ಬುಡಬ್ಯಾಡ" ಅಂದ. ಎಲ್ಲರೂ ನಕ್ಕರು. ನಾನೂ ನಕ್ಕೆ. ಅವರು ಗುಬ್ಬಿ ತಾಲ್ಲೂಕಿನವರು.

ಸಿದ್ದಪ್ಪ ಓದುತ್ತಾ ಬಂದ. ನಿಂಗಜ್ಜಿ ದಾಟಿದಳು, ಮುತ್ತಜ್ಜಂದಿರು ದಾಟಿದರು, ಅಪ್ಪನ ಹೆಸರು ಬಂತು. "ಗೌರಮ್ಮ, ಗುಬ್ಬಿ ಸೀಮೆಗೆ ಕೊಟ್ಟ ಮಗಳು" ಅಂದ.

ಸೋದರಮಾವ ಬೆನ್ನು ನೆಟ್ಟಗೆ ಮಾಡಿದ. "ಅರೆ! ನಮ್ ಕಡೇಗೇ ಕೊಟ್ಟವ್ರೆ! ಯಾವೂರು ಶಂಕರಪ್ನೋರೆ? ಯಾರ ಮನೆ? ಈಗೆಲ್ಲವ್ರೆ ನಿಮ್ಮಕ್ಕ?"

ಊರಿನ ಹೆಸರು ಹೇಳಿದರೆ ಅವನಿಗೆ ಮನೆ ಗೊತ್ತಾಗುತ್ತಿತ್ತು. ಮನೆ ಗೊತ್ತಾದರೆ ಕಥೆ ಗೊತ್ತಾಗುತ್ತಿತ್ತು. ಬಾಗಿಲ ಸಂದಿಯಲ್ಲಿ ಸುಮ ನಿಂತಿದ್ದಳು — ಕಾಲಲ್ಲಿ ಗೆಜ್ಜೆ. ಅದಕ್ಕೂ ಮೊದಲು ಎರಡು ಸಂಬಂಧ ಬಂದು ಹೋಗಿದ್ದವು. ಸಿದ್ದಪ್ಪ ಪೆನ್ನಿನ ಮುಚ್ಚಳ ತೆಗೆದು ನನ್ನ ಮುಖ ನೋಡುತ್ತಿದ್ದ. ಒಂದೇ ಉಸಿರು. ಅಷ್ಟೇ ಹೊತ್ತು. ಕೂಸು ಹಾಲು ಕುಡಿದು ಬಾಯಿ ಬಿಡುವಷ್ಟೂ ಇಲ್ಲ.

"ಅಕ್ಕ ಇಲ್ಲ," ಅಂದೆ. "ತೀರ್ಕೊಂಡ್ಳು. ಬರ್ಕೊಳಪ್ಪ."

ಸೋದರಮಾವ "ಅಯ್ಯೋ ಶಿವನೇ" ಅಂದು ಮತ್ತೆ ಗೋಡೆಗೆ ಒರಗಿದ. ಸತ್ತವರ ಊರು, ಕೇರಿ ಯಾರೂ ವಿಚಾರಿಸುವುದಿಲ್ಲ. ಸಿದ್ದಪ್ಪ ಬರೆದುಕೊಂಡ. ಗಂಟೆಯನ್ನು ಒಂದು ಸಲ ಬಾರಿಸಿದ. "ಒಂದು ಪಾತ್ರೆ ಕೊಡಿಸಿ ಯಜಮಾನ್ರೇ, ಆ ತಾಯಿ ಹೆಸ್ರಲ್ಲಿ" ಅಂದ. ನಾನು ಎದ್ದು ಒಳಗೆ ಹೋದೆ. ಅಟ್ಟದ ಮೇಲೆ ಅವಳ ತಂಬಿಗೆ ಇತ್ತು — ನನ್ನ ಮೊದಲ ನೀರು ತಂದ ಅದೇ ತಂಬಿಗೆ. ಕಂಠದ ಸುತ್ತ ಚುಕ್ಕಿ ಚುಕ್ಕಿಯಾಗಿ ಗೌರಮ್ಮ ಅಂತ ಹೆಸರು ಹೊಡೆಸಿತ್ತು. ಬೇರೆ ಪಾತ್ರೆ ಕೊಡಬಹುದಿತ್ತು. ಮನೆಯಲ್ಲಿ ಹತ್ತಿದ್ದವು. ನಾನು ಅದನ್ನೇ ಯಾಕೆ ಎತ್ತಿಕೊಂಡೆ... ಸುಳ್ಳು ಗಟ್ಟಿಯಾಗಲಿ ಅಂತಲೋ, ಆ ಹೆಸರು ಮನೆಯಿಂದ ತೊಲಗಲಿ ಅಂತಲೋ — ಇವತ್ತಿಗೂ ನನಗೆ ಸರಿಯಾಗಿ ಗೊತ್ತಿಲ್ಲ. ಎರಡೂ ಇರಬೇಕು.

ತಂಬಿಗೆ ಹಿಡಿದು ಒಳಕೋಣೆ ದಾಟುವಾಗ ಅಪ್ಪ ಕರೆದ. "ಶಂಕ್ರಾ."

ನಿಂತೆ.

"ಗೌರಿ ಯಾವಾಗ ಹೋದ್ಲು?"

ಅವನು ಎಲ್ಲಾ ಕೇಳಿಸಿಕೊಂಡಿದ್ದ. ಹೊರಗೆ ಬೀಗರು. ಬಗ್ಗಿ ಅವನ ಕಿವಿಯಲ್ಲಿ, ಇಲ್ಲಪ್ಪ, ಬದುಕಿದ್ದಾಳೆ, ಆಮೇಲೆ ಹೇಳ್ತೀನಿ ಅಂದಿದ್ದರೆ ಆಗಿತ್ತು. ಪಿಸುಮಾತಿಗೆ ಏನು ಖರ್ಚು? ನಾನು ಹೇಳಿದ್ದು: "ಹೋದ್ವರ್ಷ ಅಪ್ಪ. ನೀನ್ ತಡ್ಕಳಲ್ಲ ಅಂತ ಹೇಳ್ಲಿಲ್ಲ."

ಅಪ್ಪ ಅಳಲಿಲ್ಲ. ಕೈಯಿಂದ ಹಾಸಿಗೆಯ ಅಂಚನ್ನು ಸವರಿದ, ಎರಡು ಸಲ. "ಬಾಗ್ಲು ಹಾಕ್ದೋನು ನಾನೇ ಅಲ್ವಾ" ಅಂದ. ನಾನು ತಂಬಿಗೆ ಹಿಡಿದು ಹೊರಗೆ ಹೋದೆ.

ಬೀಗರು ಹೋದ ಮೇಲೆ ಹೇಳಬೇಕು ಅಂದುಕೊಂಡೆ. ಸಂಜೆಯಾಯಿತು. ಮಾರನೇ ದಿನ ಅಂದುಕೊಂಡೆ. ಮಾರನೇ ದಿನ ಮಧ್ಯಾಹ್ನ ಮುದ್ದೆ ಇಟ್ಟಾಗ ಅಪ್ಪ ಮುರಿಯುವ ಮುಂಚೆ ತಟ್ಟೆಯ ಅಂಚಿನಲ್ಲಿ ಒಂದು ತುತ್ತು ಎತ್ತಿಟ್ಟ. ಕಣ್ಣು ಕಾಣದು, ಕೈಯಲ್ಲೇ ತಡವಿ ಇಟ್ಟ. "ಇದು ಗೌರೀದು" ಅಂದ. ಹದಿನಾರು ವರ್ಷ ಎತ್ತದ ಹೆಸರು. ನನ್ನ ಹೆಂಡತಿ ಕಮಲ ನನ್ನ ಮುಖ ನೋಡಿದಳು. ಅವಳಿಗೆ ಎಲ್ಲಾ ಗೊತ್ತಿತ್ತು. ನಾನು ಹುಳಿ ಬಡಿಸು ಅಂದೆ.

ಅವತ್ತಿನಿಂದ ದಿನಾ ಹಾಗೇ. ಎರಡು ಹೊತ್ತೂ. ಅಪ್ಪನ ಊಟವಾದ ಮೇಲೆ ಆ ತುತ್ತನ್ನು ಕಮಲ ಹಸುವಿಗೆ ಕೊಡುತ್ತಿದ್ದಳು.

ಮೂರು ವಾರವಾಗಿರಬೇಕು, ಡೇರಿಯ ಫೋನಿಗೆ ಅಕ್ಕನ ಫೋನು ಬಂತು. ಯಾರೋ ನಮ್ಮ ಕಡೆಯವರು ತುಮಕೂರಿನಲ್ಲಿ ಸಿಕ್ಕಿ ಅಪ್ಪ ಮಲಗಿದ್ದಾನೆ ಅಂದಿದ್ದರಂತೆ.

"ಅಪ್ಪಂಗೆ ತೀರಾ ಹುಷಾರಿಲ್ವಂತಲ್ಲೋ. ಬರ್ಲೇನೋ ಶಂಕ್ರ? ಒಂದ್ ಗಳಿಗೆ ನೋಡ್ಕಂಡು ಹೊರಟೋಗ್ತೀನಿ. ಬಾಗ್ಲಾಗೇ ನಿಂತ್ಕಂತೀನಿ, ಒಳೀಕೂ ಬರಲ್ಲ."

ಮದುವೆಗೆ ಇನ್ನು ಒಂದು ತಿಂಗಳು. ಅವಳು ಬಂದರೆ, ಪುಸ್ತಕದಲ್ಲಿ ಸತ್ತವಳು ಊರ ಬೀದಿಯಲ್ಲಿ ನಡೆದು ಬಂದ ಹಾಗೆ. ಹಾಲಿನ ಕ್ಯಾನುಗಳ ನಡುವೆ ನಿಂತು ನಾನು ಹೇಳಿದೆ:

"ಬ್ಯಾಡ ಕಣಕ್ಕ. ಅಪ್ಪ ನಿನ್ ಮುಖ ನೋಡಲ್ವಂತೆ."

 "ಸರಿ ಕಣೋ. ನಿನ್ ಆರೋಗ್ಯ ನೋಡ್ಕ" ಅಂದಳು.

ಆ ಕಡೆ ಮಗಳು, ಅಪ್ಪ ನನ್ನನ್ನು ಬಿಟ್ಟ ಅಂದುಕೊಂಡಳು. ಈ ಕಡೆ ಅಪ್ಪ, ಮಗಳು ಸತ್ತಳು ಅಂದುಕೊಂಡ. ಇಬ್ಬರ ನಡುವೆ ಇದ್ದದ್ದು ಒಂದು ಬಸ್ ಚಾರ್ಜು ಮತ್ತು ನಾನು.

ಸುಮಳ ಮದುವೆಯಾಯಿತು. ಮದುವೆಯಾಗಿ ಒಂದು ತಿಂಗಳಿಗೆ ಅಪ್ಪ ಹೋದ. ಆ ಒಂದು ತಿಂಗಳಲ್ಲಿ ಹೇಳಬಹುದಿತ್ತು. ತಾಳಿ ಬಿದ್ದಾಗಿತ್ತು, ಯಾರ ಹೆದರಿಕೆಯೂ ಇರಲಿಲ್ಲ. ಆದರೆ ಹೇಳಿದರೆ ಅಪ್ಪ ನನ್ನನ್ನು ಏನಂದುಕೊಳ್ಳುತ್ತಾನೋ ಅಂತ... ಅಷ್ಟೇ. ಮಗಳಿಗೋಸ್ಕರ ಮಾಡಿದೆ ಅಂತ ಬಹಳ ವರ್ಷ ನನಗೆ ನಾನೇ ಹೇಳಿಕೊಂಡೆ. ಜಗಲಿಯ ಮೇಲಿನ ಮಾತು ಮಗಳಿಗೋಸ್ಕರ ಇದ್ದಿರಬಹುದು. ಉಳಿದದ್ದೆಲ್ಲ ನನಗೋಸ್ಕರ. ಅಪ್ಪ ಸತ್ತ ಸುದ್ದಿಯನ್ನೂ ಅಕ್ಕನಿಗೆ ನಾನು ತಿಥಿಯೆಲ್ಲ ಮುಗಿದ ಮೇಲೆ ಹೇಳಿದೆ.

ಸಾಯುವ ಮುಂಚೆ ಅಪ್ಪ, ಮಾರ್ನಮಿ ಅಮಾವಾಸ್ಯೆಯ ಎಡೆಯಲ್ಲಿ ಗೌರಿಗೂ ಒಂದು ಸೀರೆ ಇಡಿ ಅಂತ ಭಾಷೆ ತೆಗೆದುಕೊಂಡಿದ್ದ. ಇಟ್ಟೆವು. ಪ್ರತಿ ವರ್ಷ. ಸತ್ತ ಹಿರಿಯರ ಸಾಲಿನಲ್ಲಿ, ಬದುಕಿರುವ ನನ್ನ ಅಕ್ಕನಿಗೆ ಬಾಳೆಎಲೆ, ಕಡುಬು, ಸೀರೆ. "ಉಸ್ರಾಡ್ತಿರೋರ್ಗೆ ಎಡೆ ಇಕ್ಕಿಸ್ತೀರಲ್ಲ, ನಿಮ್ ಎದೆ ಕಲ್ಲಾ?" ಅಂತ ಕಮಲ ಒಂದು ಸಲ ಕೇಳಿದಳು. ಆಮೇಲೆ ಕೇಳಲಿಲ್ಲ. ಆ ಸೀರೆಗಳನ್ನು ಅವಳೂ ಉಡಲಿಲ್ಲ. ಪೆಟ್ಟಿಗೆಯಲ್ಲಿ ಮಡಚಿಟ್ಟಿದ್ದಾಳೆ.

ಸಿದ್ದಪ್ಪ ಆಮೇಲೆ ಬಹಳ ವರ್ಷ ಬರಲಿಲ್ಲ. ಅವನೂ ಹೋದ ಅಂತ ಕೇಳಿದೆ. ಆ ಪುಸ್ತಕ ಎಲ್ಲೋ ಗೆದ್ದಲು ತಿಂದಿರಬೇಕು ಅಂತ ಒಳಗೊಳಗೇ ಸಮಾಧಾನ ಮಾಡಿಕೊಂಡೆ. ಈ ವರ್ಷ ಸುಗ್ಗಿ ಕಳೆದ ಮೇಲೆ ಒಂದು ಸಣ್ಣ ಟೆಂಪೋ ಬಂದು ಮನೆ ಮುಂದೆ ನಿಂತಿತು. ಇಳಿದವನು ಸಿದ್ದಪ್ಪನ ಮಗ ಮಹದೇವ. ಪುಸ್ತಕಕ್ಕೆ ಪ್ಲಾಸ್ಟಿಕ್ ಹೊದಿಕೆ ಬಂದಿತ್ತು, ಗಂಟೆ ಅದೇ. ಸುಮಳ ಮಗಳು ನಿತ್ಯ ರಜೆಗೆ ಬಂದಿದ್ದಳು. ತುಮಕೂರಿನಲ್ಲಿ ಡಿಗ್ರಿ ಓದುವ ಹುಡುಗಿ. ಊರಿನ ಹೆಸರು ಬದಲಾಯಿಸುವುದಕ್ಕೆ ಅವಳಿಗೆ ಮನಸ್ಸಿಲ್ಲ. "ಸೂಲಗಿತ್ತಿ ಅನ್ನೋಕೆ ಏನ್ ನಾಚ್ಕೆ ತಾತ? ಶಿವಪುರ ಅಂತ ನೂರು ಊರಿರ್ತಾವೆ. ಇದು ಒಂದೇ" ಅನ್ನುತ್ತಾಳೆ. ಮೊಬೈಲ್ ಹಿಡಿದು ಮಹದೇವನ ಓದನ್ನೆಲ್ಲ ರೆಕಾರ್ಡ್ ಮಾಡಿಕೊಂಡಳು. ನಿಂಗಜ್ಜಿ ಬಂದಳು, ನೆಲ ಸುತ್ತಿದಳು, ಕೂಸು ಬಾಯಿ ಬಿಟ್ಟಿತು. ಕೊನೆಗೆ, "ಗೌರಮ್ಮ, ಗುಬ್ಬಿ ಸೀಮೆಗೆ ಕೊಟ್ಟ ಮಗಳು, ಶಿವನ ಪಾದ ಸೇರಿದವಳು." ಗಂಟೆ ಒಂದು ಸಲ.

ಓದು ಮುಗಿಸಿ ಮಹದೇವ ನೀರು ಕೇಳಿದ. ಟೆಂಪೋದಿಂದ ತನ್ನದೇ ತಂಬಿಗೆ ತಂದು ಹಿಡಿಸಿಕೊಂಡ. ನಿತ್ಯ ನೀರು ಹಾಕುತ್ತಾ ಅದರ ಕಂಠದ ಮೇಲಿನ ಚುಕ್ಕಿಗಳನ್ನು ಕೂಡಿಸಿ ಓದಿದಳು.

"ಗೌ-ರ-ಮ್ಮ. ತಾತ, ಈ ಅಜ್ಜೀನೇನಾ? ಇವ್ರು ಹೆಂಗ್ ಸತ್ರು?"

ನಾನು ಎದ್ದು ಕೊಟ್ಟಿಗೆಗೆ ಹೋದೆ. ಹಸುವಿಗೆ ಹುಲ್ಲು ಹಾಕಿದೆ. ಹಾಕಿದ್ದಕ್ಕೇ ಮತ್ತೆ ಹಾಕಿದೆ.

ಮಾರನೇ ದಿನ ಕ್ಯಾತ್ಸಂದ್ರಕ್ಕೆ ಹೋದೆ. ಹೇಳಲೇಬೇಕು ಅಂತಲೇ ಹೋದೆ. ಹಾಸ್ಟೆಲಿನ ಹಿಂದೆ, ಗೋಣಿಚೀಲ ಹಾಸಿಕೊಂಡು, ಅಕ್ಕ ಹುರುಳಿಕಾಯಿ ನಾರು ತೆಗೆಯುತ್ತಾ ಕೂತಿದ್ದಳು. ಅರವತ್ತೆಂಟು ವರ್ಷ. ಬಡಗಿ ತೀರಿಕೊಂಡು ನಾಲ್ಕು ವರ್ಷ. ಮಕ್ಕಳಿಲ್ಲ. ಹಾಸ್ಟೆಲ್ ಹುಡುಗರೆಲ್ಲ ಅವಳನ್ನು ಅಜ್ಜಿ ಅನ್ನುತ್ತಾರೆ.

"ಏನ್ಲಾ ಇಷ್ಟ್ ಸೊರಗಿದೀಯ? ಕಮಲ ಮುದ್ದೆ ಹಾಕಲ್ವೇನ್ಲಾ?" ಅಂದಳು. ಒಂದು ತಟ್ಟೆ ಉಪ್ಪಿಟ್ಟು ತಂದಿಟ್ಟಳು. "ತಿನ್ನು. ಐವತ್ ಹುಡುಗ್ರಿಗೆ ಮಾಡಿದ್ದು, ಅರ್ಧಂಬರ್ಧ ಹುಡುಗ್ನಿಗೂ ಸಾಕಾಗ್ತದೆ."

ಊರಿನ ವಿಷಯ ಒಂದೊಂದಾಗಿ ಕೇಳಿದಳು. ಗುಳೀಲಿ ನೀರೈತಾ? ಕಟ್ಟೆ ಏರಿ ಮೇಲಿನ ಹುಣಸೆಮರ ಐತಾ? ಇದೆ ಅಂದೆ. ಆಮೇಲೆ ಕೈಯಲ್ಲಿದ್ದ ಕಾಯಿ ಬಿಟ್ಟು ಕೇಳಿದಳು:

"ಹೆಳವಪ್ಪ ಈಗ್ಲೂ ಬರ್ತಾನೇನೋ?"

"ಅವ್ನ ಮಗ ಬಂದಿದ್ದ. ನೆನ್ನೆ."

"ನನ್ ಹೆಸ್ರು ಓದುದ್ನಾ?"

ನಾನು ತಟ್ಟೆ ನೋಡುತ್ತಾ, "ಓದ್ದ" ಅಂದೆ.

ಆ ಮುಖ — ಅದನ್ನು ಬರೆಯುವಷ್ಟು ನಾನು ಓದಿಲ್ಲ. ನನ್ನ ತೊಡೆ ಚಿವುಟುತ್ತಿದ್ದ ಹುಡುಗಿಯ ಮುಖ. "ಓದುದ್ನಾ! ಯಾವ್ ಮನೆ ಕದ ಹಾಕುದ್ರೂ ಪುಸ್ತಕ ಹಾಕ್ಲಿಲ್ಲ ನೋಡ್ಲಾ. ಅಷ್ಟ್ ಸಾಕು ಬುಡು" ಅಂದಳು. ಸೆರಗಿನಿಂದ ಕಣ್ಣೊರೆಸಿಕೊಂಡಳು. ಸ್ವಲ್ಪ ಹೊತ್ತಾದ ಮೇಲೆ, ನಾರು ತೆಗೆಯುತ್ತಲೇ, ನನ್ನ ಕಡೆ ನೋಡದೆ ಇನ್ನೊಂದು ಕೇಳಿದಳು.

"ಅಪ್ಪ ಕೊನೇಗಾದ್ರೂ... ನನ್ ಹೆಸ್ರು ಎತ್ತಿದ್ನಾ?"

ಎತ್ತಿದ್ದ ಅಂದರೆ, ಮತ್ತೆ ಯಾಕೆ ಬರಬೇಡ ಅಂದೆ ಅಂತ ಕೇಳುತ್ತಾಳೆ. ಅಲ್ಲಿಂದ ಒಂದೊಂದೇ ಬಿಚ್ಚಿಕೊಳ್ಳುತ್ತದೆ. ಹೇಳಲೇಬೇಕೆಂದು ಬಸ್ಸು ಹತ್ತಿ ಹೋದವನು, ಅವಳ ಕೈಯ ಉಪ್ಪಿಟ್ಟು ಬಾಯಲ್ಲಿಟ್ಟುಕೊಂಡು, "ಇಲ್ಲಕ್ಕ" ಅಂದೆ.

"ಹೋಗ್ಲಿ ಬುಡು. ಹಠದ್ ಮನುಷ್ಯ" ಅಂದಳು.

ಊರಿಗೆ ವಾಪಸು ಬಂದು ಮಹದೇವನಿಗೆ ಫೋನು ಮಾಡಿದೆ. ಪುಸ್ತಕದಲ್ಲಿ ಒಂದು ಸಾಲು ತಪ್ಪಾಗಿದೆ, ಹೊಡೆದು ಹಾಕಪ್ಪ ಅಂದೆ. ಇಪ್ಪತ್ತೆರಡು ವರ್ಷದ ಮೇಲೂ ನಾನು ಹೇಳಿದ್ದು ತಪ್ಪಾಗಿದೆ ಅಂತ. ಸುಳ್ಳಾಗಿದೆ ಅಂತಲ್ಲ.

ಅವನು ಎಲ್ಲ ಕೇಳಿಸಿಕೊಂಡು ನಿಧಾನವಾಗಿ ಹೇಳಿದ: "ಬರೆದಿದ್ದನ್ನ ನಾವು ಹೊಡೆದು ಹಾಕಲ್ಲ ಯಜಮಾನ್ರೇ. ನಮ್ಮಪ್ಪನ ಕಾಲದಿಂದ್ಲೂ ಅಂಗೇ. ಹೇಳಿದ ಬಾಯೇ, ಅದೇ ಜಗಲಿ ಮೇಲೆ ಕೂತು, ಊರವ್ರ ಮುಂದೆ, ನಾನ್ ಸುಳ್ ಹೇಳ್ದೆ ಅನ್ಬೇಕು. ಆ ತಾಯಿನೂ ಪಕ್ಕದಾಗಿರ್ಬೇಕು. ಆಗ ಕೆಳಗಡೆ ಹೊಸ ಸಾಲು ಬರ್ಕೊಂತೀನಿ. ಬದುಕವ್ಳೆ ಅಂತ ಒಂದೇ ಅಲ್ಲ, ತಮ್ಮ ಸುಳ್ ಹೇಳ್ದ ಅನ್ನೋದೂ ಬರೀಬೇಕಾಯ್ತದೆ. ಮುಂದಕ್ಕೆ ಪ್ರತಿ ಸಲ ಎರಡೂ ಓದ್ತೀವಿ. ಯೋಚ್ನೆ ಮಾಡಿ." ಕೊನೆಗೆ, "ತಂಬ್ಗೆ ವಾಪಸ್ ತರ್ತೀನಿ. ಬದುಕಿರೋರ ಪಾತ್ರೆ ನಾವ್ ಇಟ್ಕಳಂಗಿಲ್ಲ" ಅಂದ.

ಯೋಚನೆ ಮಾಡಿದೆ. ಒಂದು ವಾರ ಮಾಡಿದೆ. ನಾನು ಸತ್ತ ಮೇಲೂ, ನಿತ್ಯಳ ಮಕ್ಕಳು ಈ ಜಗಲಿಯಲ್ಲಿ ಕೂತಾಗಲೂ, ನಿಂಗಜ್ಜಿ ನೆಲ ಸುತ್ತಿದ ಕಥೆಯ ಜೊತೆಗೇ ಶಂಕರಪ್ಪ ಅಕ್ಕನನ್ನು ಕೊಂದ ಕಥೆಯೂ ರಾಗವಾಗಿ ಬರುತ್ತದೆ. ಬರಲಿ. ಊರಿಗೆ ಹೆಸರು ಕೊಟ್ಟವಳ ಸಾಲೂ ಇರಲಿ, ಊರಿನ ಹೆಸರು ಕೆಡಿಸಿದವನ ಸಾಲೂ ಇರಲಿ. ಚರಿತ್ರೆ ಅಂದರೆ ಎರಡೂ ತಾನೇ.

ಹುಣ್ಣಿಮೆಯ ಮಾರನೇ ದಿನ ಬಾ ಅಂತ ಮಹದೇವನಿಗೆ ಹೇಳಿದ್ದೇನೆ. ಸುಮಳಿಗೂ ಅಳಿಯನಿಗೂ ಬರಹೇಳಿದ್ದೇನೆ. ಆ ಸೋದರಮಾವ ಇನ್ನೂ ಇದ್ದಾನೆ, ಅವನನ್ನೂ ಕರೆದಿದ್ದೇನೆ. ಪಂಚಾಯ್ತಿಯವರು ಈ ಪುಟಗಳನ್ನು ಪೂರಾ ಇಟ್ಟುಕೊಳ್ಳಲಿ, ಬೇಡವಾದದ್ದನ್ನು ಹರಿಯದಿರಲಿ. ಒಂದು ಪ್ರತಿಯನ್ನು ನಿತ್ಯ ಬೇರೆ ಬರೆದುಕೊಟ್ಟಿದ್ದಾಳೆ. ಬರೆಯುತ್ತಾ ಬರೆಯುತ್ತಾ ಒಂದು ಕಡೆ ಪೆನ್ನು ನಿಲ್ಲಿಸಿದಳು. ನನ್ನನ್ನು ನೋಡಲಿಲ್ಲ. ಮತ್ತೆ ಬರೆದಳು. ಆಮೇಲಿಂದ ನನ್ನ ಜೊತೆ ಹೆಚ್ಚು ಮಾತಾಡಿಲ್ಲ. ಆ ಪ್ರತಿಯನ್ನು ನಾಳೆ ಕ್ಯಾತ್ಸಂದ್ರಕ್ಕೆ ನಾನೇ ಒಯ್ಯುತ್ತೇನೆ. ನನ್ನ ಬಾಯಿಯನ್ನು ನಾನು ನಂಬುವುದಿಲ್ಲ, ಅದಕ್ಕೇ ಕಾಗದ.

ಅಕ್ಕ, ಈಗ ನೀನು ಇದನ್ನು ಓದುತ್ತಿದ್ದೀಯ. ನಾನು ಎದುರಿಗೇ ಕೂತಿರುತ್ತೇನೆ, ಎದ್ದು ಹೋಗುವುದಿಲ್ಲ. ಜಗಲಿಗೆ ಬರುವುದು, ಬಾರದೆ ಇರುವುದು ನಿನ್ನ ಇಷ್ಟ. ನೀನು ಬಾರದಿದ್ದರೂ ನಾನು ಊರ ಮುಂದೆ ಹೇಳುತ್ತೇನೆ. ಕ್ಷಮಿಸು ಅನ್ನುವುದಿಲ್ಲ. ಆ ಮಾತು ಕೇಳುವ ಯೋಗ್ಯತೆ ಹಾಲಿನ ಕ್ಯಾನುಗಳ ನಡುವೆ ಹೋಯಿತು. ನೀನು ನಾರು ತೆಗೆಯುತ್ತಾ, ನನ್ನ ಕಡೆ ನೋಡದೆ ಒಂದು ಮಾತು ಕೇಳಿದೆಯಲ್ಲ, ಅದಕ್ಕೆ ಮಾತ್ರ ಸರಿಯಾದ ಉತ್ತರ ಕೊಡಬೇಕು.

ಎತ್ತಿದ್ದ ಕಣಕ್ಕ. ದಿನಾ ಎತ್ತಿದ್ದ, ಮುದ್ದೆ ಮುರಿಯೋಕೆ ಮುಂಚೆ.